ಎರಡು ಪರಭಾಷೆ, ಒಂದು ನಿಘಂಟು

ಕಿಟ್ಟೆಲ್ ಅಂದರೆ ನಮಗೆಲ್ಲ ಅವರ ಕನ್ನಡ-ಇಂಗ್ಲಿಷ್ ನಿಘಂಟು ನೆನಪಾಗುತ್ತೆ. ಆದರೆ ಅದರಲ್ಲಿರೋ ಎರಡು ಭಾಷೆಯಲ್ಲಿ ಒಂದೂ ಅವರ ಮನೆಮಾತಲ್ಲ. ಎರಡೂ ಕಲಿತು ಬಂದದ್ದು.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯಲ್ಲಿ. 1853ರಲ್ಲಿ ಬಾಸೆಲ್ ಮಿಶನ್ ಪಾದ್ರಿಯಾಗಿ ನಮ್ಮ ನಾಡಿಗೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ, ಮನಸ್ಸು ನಿಂತದ್ದು ಕನ್ನಡದಲ್ಲಿ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದು ಹಳಗನ್ನಡ ಕಾವ್ಯ ಓದಿದರು. ಜನರ ಗಾದೆ, ಆಡುಮಾತುಗಳನ್ನೂ ಕೂಡಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ ಸಂಪಾದಿಸಿದರು. ನಿಘಂಟಿಗೆ ವರ್ಷಗಟ್ಟಲೆ ದುಡಿದರು. 1894ರಲ್ಲಿ ಮಂಗಳೂರಲ್ಲಿ ಅದು ಅಚ್ಚಾದಾಗ ಸುಮಾರು 70,000 ಶಬ್ದಗಳಿದ್ದವು. ತಮಿಳು, ತೆಲುಗು, ತುಳು, ಮಲಯಾಳದ ಹತ್ತಿರದ ಪದಗಳನ್ನೂ ಜೊತೆಗೆ ಕೊಟ್ಟಿದ್ದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತು. 1903ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲೇ ತೀರಿಕೊಂಡರು.

ಇಲ್ಲಿ ಜಾನ್ಸ್ ಕ್ರೀಕ್ ಕಡೆ ಸೈಟಿಗೆ ಹೋದರೆ ಮೇಸ್ತ್ರಿಯ ಮಾತು ಇಂಗ್ಲಿಷ್, ಪಕ್ಕದಲ್ಲಿ ದುಡಿಯೋನದ್ದು ಸ್ಪ್ಯಾನಿಷ್. ಕರೆಂಟ್ ಆಫ್ ಮಾಡು ಅನ್ನೋದು ಎರಡರಲ್ಲೂ ಬರಲೇಬೇಕು, ಜೀವದ ಪ್ರಶ್ನೆ. ಕಿಟ್ಟೆಲ್ ಮಾಡಿದ್ದನ್ನೇ ನಾವೂ ಮಾಡಬಹುದು: ಕೇಳಿದ ಪದ ಬರೆದಿಡೋಣ, ಒಂದರ ಅರ್ಥ ಇನ್ನೊಂದರ ಪಕ್ಕ ಬರೆಯೋಣ. ವೈರ್ ಅಂದರೆ ಅಲಾಂಬ್ರೆ. ಹೀಗೆ ದಿನಕ್ಕೆ ನಾಲ್ಕು ಪದ ಸಾಕು.