ಹೆರದೆಯೂ ತಾಯಿಯಾದ ಸಾವಿತ್ರಿಬಾಯಿ

*ಇಂದಿನ ಧಮ್ಮ ಚಿಂತನೆ*



ಸಾವಿತ್ರಿಬಾಯಿ ಫುಲೆಯವರನ್ನು ನಾವು ಅಕ್ಷರದವ್ವ ಎನ್ನುತ್ತೇವೆ. ಜನವರಿ 3 ಬಂದರೆ ಅವರ ಫೋಟೊಗೆ ಹೂವಿಟ್ಟು, 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಶುರುವಾದ ಹೆಣ್ಣುಮಕ್ಕಳ ಶಾಲೆಯನ್ನು, ದಾರಿಯಲ್ಲಿ ಅವರ ಮೈಮೇಲೆ ಬಿದ್ದ ಸಗಣಿ ಕೆಸರನ್ನು ನೆನೆಯುತ್ತೇವೆ. ಇವತ್ತು ಅವರನ್ನು ಒಬ್ಬ ತಾಯಿಯಾಗಿ ನೋಡೋಣ.

ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಸಾತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ. 1840ರಲ್ಲಿ ಜ್ಯೋತಿಬಾ ಅವರೊಂದಿಗೆ ಮದುವೆಯಾಯಿತು. ಅವರಿಗೆ ಮಕ್ಕಳಾಗಲಿಲ್ಲ. ಮಕ್ಕಳಾಗದ ಹೆಣ್ಣನ್ನು ಬಂಜೆ ಎಂದು ಜರಿಯುವುದು, ಗಂಡನಿಗೆ ಇನ್ನೊಂದು ಮದುವೆ ಮಾಡುವುದು ಆ ಕಾಲದ ವಾಡಿಕೆ. ಜ್ಯೋತಿಬಾ ಅದಕ್ಕೆ ಒಪ್ಪಲಿಲ್ಲ.

ಅದೇ ಪುಣೆಯಲ್ಲಿ ಇನ್ನೊಂದು ಸಂಕಟವಿತ್ತು. ಎಳೆ ವಯಸ್ಸಿನಲ್ಲೇ ವಿಧವೆಯಾದ ಬ್ರಾಹ್ಮಣ ಹೆಣ್ಣುಮಕ್ಕಳಿಗೆ ಮರುಮದುವೆ ಇರಲಿಲ್ಲ. ಮನೆಯ ಗಂಡಸರಿಂದಲೇ ಮೋಸಹೋಗಿ ಬಸಿರಾದರೆ ಅವರಿಗೆ ಉಳಿಯುತ್ತಿದ್ದದ್ದು ಬಾವಿ, ಇಲ್ಲವೇ ಕೂಸಿನ ಕತ್ತು ಹಿಸುಕುವುದು. 1863ರಲ್ಲಿ ಫುಲೆ ದಂಪತಿ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಗುಟ್ಟಾಗಿ ಬಂದು ಹೆರಿಗೆ ಮಾಡಿಕೊಳ್ಳಿ, ಬೇಕಿದ್ದರೆ ಮಗುವನ್ನು ಇಲ್ಲೇ ಬಿಟ್ಟುಹೋಗಿ ಎಂದು ಬ್ರಾಹ್ಮಣರ ಬೀದಿಗಳ ಗೋಡೆಗಳಿಗೆ ಚೀಟಿ ಅಂಟಿಸಿದರು. 1884ರ ಹೊತ್ತಿಗೆ 35 ವಿಧವೆಯರು ಅಲ್ಲಿಗೆ ಬಂದಿದ್ದರು. ಬಸಿರು ಇಳಿಸಲು ಮೊದಲೇ ಕುಡಿದಿದ್ದ ವಿಷದ ಮದ್ದಿನಿಂದ ಎಷ್ಟೋ ಕೂಸುಗಳು ಉಳಿಯಲಿಲ್ಲ.

ಇದನ್ನು ನಾವು ನಿಧಾನವಾಗಿ ಯೋಚಿಸಬೇಕು. ಯಾವ ಬೀದಿಯವರು ಸಾವಿತ್ರಿಬಾಯಿಯ ಮೇಲೆ ಸಗಣಿ ಎಸೆದರೋ, ಅದೇ ಬೀದಿಯ ಹೆಣ್ಣುಮಕ್ಕಳ ಬಾಣಂತನ ಮಾಡಿದವರು ಸಾವಿತ್ರಿಬಾಯಿ.

1874ರಲ್ಲಿ ಅವರು ಅಂಥ ಒಬ್ಬ ವಿಧವೆಯ ಗಂಡುಮಗುವನ್ನು ದತ್ತು ಪಡೆದು ಯಶವಂತ ಎಂದು ಹೆಸರಿಟ್ಟರು. ದತ್ತು ಎಂದರೆ ಆಗ ಸ್ವಂತ ಜಾತಿಯ, ಆದಷ್ಟೂ ಸ್ವಂತ ವಂಶದ ಹುಡುಗನನ್ನೇ ತರುವುದು. ಆಸ್ತಿ ಮನೆಯಲ್ಲೇ ಉಳಿಯಬೇಕು, ಸತ್ತ ಮೇಲೆ ಪಿಂಡ ಇಡುವವನೊಬ್ಬ ಬೇಕು, ಅದಕ್ಕಾಗಿ. ಫುಲೆ ದಂಪತಿ ತಂದದ್ದು ಯಾವ ವಂಶವೂ ನನ್ನದು ಎಂದು ಒಪ್ಪಿಕೊಳ್ಳದ ಮಗುವನ್ನು. ಅವರಿಗೆ ಬೇಕಾಗಿದ್ದದ್ದು ಆ ಮಗುವಿನ ಬದುಕು.

ಯಶವಂತನನ್ನು ಓದಿಸಿ ಡಾಕ್ಟರ್ ಮಾಡಿದರು. ವಿಧವೆಯ ಮಗನಿಗೆ ಹೆಣ್ಣು ಕೊಡಲು ಜನ ಹಿಂದೆಗೆದಾಗ ಸತ್ಯಶೋಧಕ ಸಮಾಜದ ಸಂಗಾತಿ ಗ್ಯಾನೋಬಾ ಸಸಾಣೆಯವರು ಮಗಳು ರಾಧಾಳನ್ನು ಕೊಟ್ಟರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಅರಿಯಲಿ ಎಂದು ಸಾವಿತ್ರಿಬಾಯಿ ಮದುವೆಗೆ ಮೊದಲೇ ರಾಧಾಳನ್ನು ಮನೆಗೆ ಕರೆತಂದು ಇರಿಸಿಕೊಂಡರು. 1889ರ ಫೆಬ್ರವರಿ 4ರಂದು ಪುರೋಹಿತರಿಲ್ಲದೆ ಮದುವೆ ನಡೆಯಿತು.

1890ರ ನವೆಂಬರ್ 28ರಂದು ಜ್ಯೋತಿಬಾ ತೀರಿಕೊಂಡರು. ಹೆಣದ ಮುಂದೆ ಬೆಂಕಿಯ ಮಡಕೆ ಹಿಡಿದು ನಡೆಯುವವನೇ ವಾರಸುದಾರ ಎಂಬುದು ರೂಢಿ. ಯಶವಂತ ಹಿಡಿಯಬಾರದೆಂದು ಜ್ಞಾತಿಗಳು ತಕರಾರು ತೆಗೆದರು. ಆಗ ಸಾವಿತ್ರಿಬಾಯಿ ತಾವೇ ಆ ಮಡಕೆ ಹಿಡಿದು ಮುಂದೆ ನಡೆದರು.

1897ರಲ್ಲಿ ಪುಣೆಗೆ ಪ್ಲೇಗ್ ಬಂತು. ಊರಾಚೆ ಹಡಪಸರದ ಕಡೆ ಯಶವಂತ ರೋಗಿಗಳ ಆರೈಕೆ ನಡೆಸುತ್ತಿದ್ದ. ಮುಂಢವಾದ ಮಹಾರ ಕೇರಿಯಲ್ಲಿ ಪಾಂಡುರಂಗ ಗಾಯಕವಾಡ ಎಂಬ ಹುಡುಗನಿಗೆ ಪ್ಲೇಗ್ ತಗುಲಿದೆ ಎಂದು ತಿಳಿದಾಗ, 66ರ ವಯಸ್ಸಿನ ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತು ಮಗನ ಬಳಿಗೆ ತಂದರು. ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು. ಒಬ್ಬ ಮಗ ಬ್ರಾಹ್ಮಣ ವಿಧವೆ ಹೆತ್ತವನು, ಕೊನೆಗೆ ಬೆನ್ನ ಮೇಲಿದ್ದ ಮಗು ಮಹಾರ ಕೇರಿಯದು. ಇಬ್ಬರಿಗೂ ತಾಯಿ ಒಬ್ಬರೇ.

ಬಂಧುಗಳೇ, ಸಿದ್ಧಾರ್ಥ ಹುಟ್ಟಿದ ಏಳನೇ ದಿನಕ್ಕೆ ಮಹಾಮಾಯೆ ತೀರಿಕೊಂಡರು. ಸಾಕಿದವರು ಮಹಾಪ್ರಜಾಪತಿ ಗೌತಮಿ. ಜ್ಯೋತಿಬಾ ಎಳೆಗೂಸಾಗಿದ್ದಾಗಲೇ ತಾಯಿ ಇಲ್ಲವಾದರು. ಸಾಕಿದವರು ಬಂಧುವಾದ ವಿಧವೆ ಸಗುಣಾಬಾಯಿ. ಬಾಬಾಸಾಹೇಬರೂ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು ಸೋದರತ್ತೆ ಮೀರಾಬಾಯಿಯ ಮಡಿಲಲ್ಲಿ ಬೆಳೆದರು. ನಮಗೆ ದಾರಿ ತೋರಿದ ಈ ಮೂವರನ್ನೂ ಹೆತ್ತವರು ಒಬ್ಬರು, ಸಾಕಿ ಬೆಳೆಸಿದವರು ಇನ್ನೊಬ್ಬರು.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ, ಪಿಂಡ ಬಿಡುವುದೂ ಒಂದು. ನಾವು ಪಿಂಡ ಬಿಟ್ಟಿದ್ದೇವೆ. ಆದರೆ ಪಿಂಡಕ್ಕಾಗಿಯೇ ಹುಟ್ಟಿದ ವಂಶೋದ್ಧಾರಕನ ಆಸೆಯನ್ನು ಬಿಟ್ಟಿದ್ದೇವೆಯೇ? ಎರಡು ಹೆಣ್ಣಾದ ಮನೆಯಲ್ಲಿ ಗಂಡು ಯಾವಾಗ ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ. ಮಕ್ಕಳಾಗದ ಸೊಸೆಯನ್ನು ನಾಮಕರಣದಲ್ಲಿ ಹಿಂದೆ ಕೂರಿಸುವವರೂ ಇದ್ದಾರೆ. ಶಾಲೆಯ ದಾಖಲಾತಿಯ ದಿನ ಅಜ್ಜಿಯ ಕೈಹಿಡಿದು ಬರುವ ಮಗು, ಅಪ್ಪನ ಹೆಸರು ಕೇಳಿದಾಗ ತಲೆ ತಗ್ಗಿಸುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆ ತಲೆ ತಗ್ಗಿಸಿದ್ದು ಮಗುವಿನ ತಪ್ಪಲ್ಲ, ನಮ್ಮ ನಾಲಿಗೆಗಳ ಕೆಲಸ.

ಮೈತ್ರಿ ಎಂದರೆ ಎಲ್ಲ ಜೀವಿಗಳನ್ನೂ ತಾಯಿಯ ಮನಸ್ಸಿನಿಂದ ಕಾಣುವುದು ಎಂದು ಭಗವಾನರು ಕಲಿಸಿದರು. ದಿನವೂ ವಂದನೆಯಲ್ಲಿ ಹೇಳಿಕೊಳ್ಳುವ ಆ ಮೈತ್ರಿ ನಮ್ಮ ಕೇರಿಯ ಒಂದು ಮಗುವಿಗೆ ತಲುಪಿದರೂ ಸಾಕು.

*ಇಂದಿನ ಅಭ್ಯಾಸ:* ನಿಮ್ಮ ಓಣಿಯಲ್ಲಿ ತಂದೆ ತಾಯಿ ಇಲ್ಲದ, ಇದ್ದೂ ಇಲ್ಲದಂತಿರುವ ಒಂದು ಮಗುವನ್ನು ನೆನಪಿಸಿಕೊಳ್ಳಿ. ಇಂದು ಸಂಜೆ ಆ ಮಗುವನ್ನು ಮನೆಗೆ ಕರೆದು ನಿಮ್ಮ ಮಕ್ಕಳ ಜೊತೆ ಕೂರಿಸಿ ಊಟಕ್ಕಿಡಿ. ಪಾಠ ಓದಿಸಿ. ಯಾರ ಮಗು ಎಂದು ಮಾತ್ರ ಕೇಳಬೇಡಿ.

ನಮೋ ಬುದ್ಧಾಯ. ಜೈಭೀಮ್. ಜೈ ಸಾವಿತ್ರಿ.