ಕೀಲೆಣ್ಣೆಯಿಂದ ಆಯಿಲ್‌ಡ್ಯಾಗ್‌ವರೆಗೆ: ಎಡ್ವರ್ಡ್ ಅಚೆಸನ್ ಕಥೆ

ಮಳವಳ್ಳಿ ಕಡೆಯಿಂದ ಬಂದವರಿಗೆ ಕೀಲೆಣ್ಣೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳ್ತೀವಿ. ಎತ್ತಿನ ಗಾಡಿಯ ಅಚ್ಚು ಸವೆಯದೆ ಇರಲಿ, ಗಾಲಿ ಕಿರುಗುಟ್ಟದೆ ತಿರುಗಲಿ ಅಂತ ಹಚ್ಚುವ ಕಪ್ಪು ಎಣ್ಣೆ ಅದು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡ್ತಿದ್ರು. ಬರೀ ಎಣ್ಣೆ ಹಚ್ಚಿದ್ರೆ ಸಾಲಲ್ವಾ, ಕರಿ ಯಾಕೆ ಅಂತ ಹೋದ ರಜೆಯಲ್ಲಿ ನಾವು ತಾತನನ್ನ ಕೇಳಿದೆವು. ಎಣ್ಣೆ ಜಾರಿಹೋದರೂ ಕರಿ ಅಚ್ಚಿನ ಮೇಲೆ ಉಳಿಯುತ್ತೆ ಅನ್ನೋದು ಅವರ ಉತ್ತರ. ಮೆಕ್ಯಾನಿಕಲ್ ಓದುವ ನಮಗೆ ಇದು ಪುಸ್ತಕದಲ್ಲಿ ಬೇರೆ ಹೆಸರಲ್ಲಿ ಸಿಕ್ಕಿತ್ತು: ಎಣ್ಣೆಗೆ ಘನ ಪದಾರ್ಥದ ಅಡಿಟಿವ್.

ಹಾಸ್ಟೆಲ್‌ಗೆ ವಾಪಸ್ ಬಂದವರು ಸುಮ್ನಿರಲಿಲ್ಲ. ಪೆನ್ಸಿಲ್ ಕಡ್ಡಿ ನುಣ್ಣಗೆ ಅರೆದು, ಎಂಜಿನ್ ಆಯಿಲ್ ಇದ್ದ ಸಣ್ಣ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿದೆವು. ಎಣ್ಣೆ ಕಪ್ಪಗೆ ಹೊಳೀತಿತ್ತು. ಬೆಳಗ್ಗೆ ಎದ್ದು ನೋಡಿದ್ರೆ ಪುಡಿಯೆಲ್ಲ ತಳದಲ್ಲಿ ಕೂತಿದೆ, ಮೇಲೆ ತಿಳಿ ಎಣ್ಣೆ. ಪುಡಿ ಎಣ್ಣೆಯಲ್ಲಿ ನಿಲ್ಲದೇ ಹೋದ್ರೆ ಬೇರಿಂಗ್‌ವರೆಗೆ ಹೋಗೋದಾದ್ರೂ ಹೇಗೆ? ನೂರು ವರ್ಷಕ್ಕೂ ಹಿಂದೆ ಇದೇ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಎಡ್ವರ್ಡ್ ಗುಡ್‌ರಿಚ್ ಅಚೆಸನ್.

ಅಚೆಸನ್ ಹುಟ್ಟಿದ್ದು 1856ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ತಂದೆ ಕಬ್ಬಿಣದ ಕುಲುಮೆ ನಡೆಸ್ತಿದ್ರು. 1873ರ ಆರ್ಥಿಕ ಕುಸಿತದ ಹೊತ್ತಿಗೆ ಮನೆ ಸ್ಥಿತಿ ಕೆಟ್ಟು, ಹುಡುಗನ ಓದು ಹದಿಹರೆಯದಲ್ಲೇ ನಿಂತುಹೋಯ್ತು. ಅಂದ್ರೆ ನಾವು ಪಿಯುಸಿಯಲ್ಲಿ ಸಿಇಟಿಗೆ ಓದ್ತಿದ್ದ ವಯಸ್ಸಲ್ಲಿ ಅವರು ದುಡಿಯೋಕೆ ಇಳಿದಿದ್ರು. ರೈಲ್ವೆ ಸರ್ವೆ ಕೆಲಸ, ಎಣ್ಣೆ ಟ್ಯಾಂಕುಗಳ ಅಳತೆ, ಹೀಗೆ ಸಿಕ್ಕಿದ್ದೆಲ್ಲ ಮಾಡಿದ್ರು. ರಾತ್ರಿ ಹೊತ್ತು ವಿದ್ಯುತ್ ಬಗ್ಗೆ ತಾವೇ ಓದಿಕೊಳ್ತಿದ್ರು.

1880ರಲ್ಲಿ ಅವರು ಥಾಮಸ್ ಎಡಿಸನ್ ಅವರ ಮೆನ್ಲೋ ಪಾರ್ಕ್ ಪ್ರಯೋಗಾಲಯ ಸೇರಿದ್ರು. ಅಲ್ಲಿ ಬಲ್ಬಿನ ತಂತುವಿಗಾಗಿ ಗ್ರಾಫೈಟ್ ಒತ್ತುವ ಕೆಲಸವೂ ಅವರ ಪಾಲಿಗೆ ಬಂತು. ಮರುವರ್ಷ ಎಡಿಸನ್ ಅವರನ್ನ ಯೂರೋಪಿಗೆ ಕಳಿಸಿದ್ರು. ಹಲವು ಊರುಗಳಲ್ಲಿ ದೀಪದ ವ್ಯವಸ್ಥೆ ಕೂರಿಸಿ, 1884ರ ಹೊತ್ತಿಗೆ ಅಮೆರಿಕಕ್ಕೆ ಮರಳಿದ ಅಚೆಸನ್ ಎಡಿಸನ್ ಅವರ ಕೆಲಸ ಬಿಟ್ರು.

ಹೆಸರು ತಂದುಕೊಟ್ಟ ಪ್ರಯೋಗ ನಡೆದದ್ದು 1891ರಲ್ಲಿ. ಕಬ್ಬಿಣದ ಬಟ್ಟಲಲ್ಲಿ ಜೇಡಿಮಣ್ಣು, ಕೋಕ್ ಪುಡಿ ಹಾಕಿ, ಒಂದು ಕಾರ್ಬನ್ ಕಡ್ಡಿ ಇಳಿಸಿ ಜೋರಾಗಿ ಕರೆಂಟ್ ಹರಿಸಿದ್ರು. ತಣಿದ ಮೇಲೆ ನೋಡಿದ್ರೆ ಕಡ್ಡಿಯ ತುದಿಯಲ್ಲಿ ಕೆಲವೇ ಕೆಲವು ಹೊಳೆಯುವ ಚುಕ್ಕೆಗಳು. ಒಂದನ್ನ ಪೆನ್ಸಿಲ್ ತುದಿಗೆ ಅಂಟಿಸಿ ಗಾಜಿನ ಮೇಲೆ ಎಳೆದ್ರೆ ಗಾಜು ಗೀರಿಹೋಯ್ತು! ಅದು ಸಿಲಿಕಾನ್ ಕಾರ್ಬೈಡ್. ಅಚೆಸನ್ ಇಟ್ಟ ಹೆಸರು ಕಾರ್ಬೊರಂಡಮ್. ನಮ್ಮ ವರ್ಕ್‌ಶಾಪಿನಲ್ಲಿ ಉಜ್ಜುಕಲ್ಲು, ಗ್ರೈಂಡಿಂಗ್ ಚಕ್ರ ಅಂತ ಬಳಸೋದರಲ್ಲಿ ಇದೂ ಒಂದು. ಮೊದಮೊದಲು ಇದನ್ನ ರತ್ನ ಹೊಳಪು ಮಾಡುವವರಿಗೆ ಕ್ಯಾರಟ್ ಲೆಕ್ಕದಲ್ಲಿ ಮಾರ್ತಿದ್ರು.

ಇದನ್ನ ಟನ್‌ಗಟ್ಟಲೆ ಮಾಡಬೇಕಂದ್ರೆ ಅಗ್ಗದ ಕರೆಂಟ್ ಬೇಕು. ನಯಾಗರ ಜಲಪಾತದಲ್ಲಿ ದೊಡ್ಡ ವಿದ್ಯುತ್ ಕೇಂದ್ರ ಶುರುವಾದದ್ದು 1895ರಲ್ಲಿ. ಅಚೆಸನ್ ತಮ್ಮ ಕಾರ್ಖಾನೆಯನ್ನ ಅದೇ ವರ್ಷ ಅಲ್ಲಿಗೆ ಸಾಗಿಸಿದ್ರು. ಏಳು ವರ್ಷ ಕಳೆದು, 1902ರಲ್ಲಿ, ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ಹುಟ್ಟಿತು. ಜನರೇಟರ್‌ಗಳನ್ನ ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ನಯಾಗರದ ನೀರು ಅಚೆಸನ್ ಕುಲುಮೆ ಕಾಯಿಸಿದ್ರೆ, ಗಗನಚುಕ್ಕಿ ಪಕ್ಕದ ಕರೆಂಟ್ ಸುಮಾರು 147 ಕಿಲೋಮೀಟರ್ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯ್ತು. ಎರಡೂ ಕಡೆ ಮನೆ ದೀಪಕ್ಕಿಂತ ಹಸಿವು ಹೆಚ್ಚಿದ್ದದ್ದು ಕೈಗಾರಿಕೆಗೆ.

ನಯಾಗರದಲ್ಲಿ ಇನ್ನೊಂದು ಸಂಗತಿ ಗೊತ್ತಾಯ್ತು. ಕಾರ್ಬೊರಂಡಮನ್ನ ಅತಿಯಾಗಿ ಕಾಯಿಸಿದ್ರೆ ಸಿಲಿಕಾನ್ ಆವಿಯಾಗಿ ಹೋಗಿ ಬರೀ ಇಂಗಾಲ ಉಳಿಯುತ್ತೆ, ಅದೂ ಶುದ್ಧ ಗ್ರಾಫೈಟ್ ಆಗಿ. ಗಾಜು ಗೀರುವಷ್ಟು ಗಟ್ಟಿ ವಸ್ತುವಿನಿಂದ ಬೆರಳಿಗೆ ಜಾರುವ ಮೆತ್ತನೆ ವಸ್ತು! 1896ರಲ್ಲಿ ಪೇಟೆಂಟ್ ಬಂತು. ಆದ್ರೆ ಕಾರ್ಬೊರಂಡಮ್ ಕಂಪನಿ ಬೆಳೀತಾ ಬೆಳೀತಾ ಬಂಡವಾಳ ಹಾಕಿದ ಬ್ಯಾಂಕಿನವರ ಹಿಡಿತಕ್ಕೆ ಹೋಯ್ತು. ತಾವೇ ಕಟ್ಟಿದ ಕಂಪನಿಯ ಅಧ್ಯಕ್ಷ ಸ್ಥಾನವೂ ಅಚೆಸನ್ ಕೈತಪ್ಪಿತು. ಅವರ ಕೈಯಲ್ಲಿ ಉಳಿದದ್ದು ಗ್ರಾಫೈಟ್.

ಈ ಗ್ರಾಫೈಟ್ ಯಾಕೆ ಜಾರುತ್ತೆ? ಒದ್ದೆ ವೀಳ್ಯದೆಲೆ ಕಟ್ಟನ್ನ ಅಂಗೈಯಲ್ಲಿಟ್ಟು ಪಕ್ಕಕ್ಕೆ ತಳ್ಳಿ ನೋಡಿ. ಎಲೆ ಹರಿಯಲ್ಲ, ಒಂದರ ಮೇಲೊಂದು ಜಾರುತ್ತೆ. ಗ್ರಾಫೈಟ್‌ನ ಒಂದೊಂದು ಪದರದಲ್ಲೂ ಇಂಗಾಲದ ಪರಮಾಣುಗಳು ಗಟ್ಟಿಯಾಗಿ ಬೆಸೆದುಕೊಂಡಿವೆ. ಆದ್ರೆ ಪದರ ಪದರದ ನಡುವೆ 0.335 ನ್ಯಾನೋಮೀಟರ್ ಅಂತರ, ಹಿಡಿತ ತೀರಾ ಸಡಿಲ. ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುವ ಹೊತ್ತಲ್ಲಿ ಇಂಥ ಚಕ್ಕೆಗಳು ನಡುವೆ ಸಿಕ್ಕಿಕೊಂಡು ಸವೆತ ತಡೀತವೆ.

ಅದು ಎಣ್ಣೆಯಲ್ಲಿ ತೇಲಿ ನಿಂತರೆ ತಾನೇ! ಉಪಾಯ ಸಿಕ್ಕಿದ್ದು ಯಾವುದೋ ಬೇರೆ ಕೆಲಸದಲ್ಲಿ. ಗ್ರಾಫೈಟ್ ಮೂಸೆಗಳನ್ನ ಮಾಡೋಕೆ ಅಮೆರಿಕದ ಜೇಡಿಮಣ್ಣು ಸರಿ ಬರ್ತಿರಲಿಲ್ಲ, ಜರ್ಮನಿಯದು ಬೇಕಿತ್ತು. ಯಾಕೆ ಅಂತ ಹುಡುಕುವಾಗ ಅವರಿಗೆ ಬೈಬಲ್‌ನಲ್ಲಿ ಓದಿದ್ದು ನೆನಪಾಯ್ತು: ಈಜಿಪ್ಟಿನವರು ಇಟ್ಟಿಗೆ ಮಣ್ಣಿಗೆ ಹುಲ್ಲು ಸೇರಿಸ್ತಿದ್ರು. ಹುಲ್ಲು ಬೇಯಿಸಿದ ನೀರನ್ನ ಮಣ್ಣಿಗೆ ಹಾಕಿದ್ರು. ಮಣ್ಣು ನುಣ್ಣಗಾಯ್ತು, ಗಟ್ಟಿಯೂ ಆಯ್ತು. ಟ್ಯಾನಿನ್ ಕೂಡ ಇದೇ ಕೆಲಸ ಮಾಡಿತು. ಚರ್ಮ ಹದ ಮಾಡೋಕೆ ನಮ್ಮ ಕಡೆ ತಂಗಡಿ ತೊಗಟೆ ಬಳಸ್ತಿದ್ರಲ್ಲ, ಅದರಲ್ಲಿರುವುದೂ ಟ್ಯಾನಿನ್ನೇ.

1906ರಲ್ಲಿ, ಐವತ್ತನೇ ವಯಸ್ಸಲ್ಲಿ, ಅದೇ ಉಪಾಯವನ್ನ ಗ್ರಾಫೈಟ್ ಮೇಲೆ ಪ್ರಯೋಗಿಸಿದ್ರು. ನುಣ್ಣನೆ ಗ್ರಾಫೈಟನ್ನ ಟ್ಯಾನಿನ್ ನೀರಲ್ಲಿ ಕಲಸಿದಾಗ ಕಣಗಳು ಗುಂಪುಗೂಡದೆ ಬಿಡಿಬಿಡಿಯಾಗಿ ನಿಂತವು. ಟ್ಯಾನಿನ್ ಪ್ರತಿ ಕಣದ ಮೈಗೂ ಅಂಟಿಕೊಂಡು, ಒಂದು ಕಣ ಇನ್ನೊಂದನ್ನ ದೂರ ತಳ್ಳುವ ಹಾಗೆ ಮಾಡುತ್ತೆ. ಇದೇ ಆಕ್ವಾಡ್ಯಾಗ್. ಆ ಮುದ್ದೆಯನ್ನ ಎಣ್ಣೆ ಜೊತೆ ನಾದಿ ನಾದಿ ನೀರನ್ನ ಹೊರಗೆ ಹಾಕಿದ್ರೆ ಆಯಿಲ್‌ಡ್ಯಾಗ್. ಹೆಸರಿನ ಡ್ಯಾಗ್ ಅಂದ್ರೆ ಗುಂಪು ಬಿಡಿಸಿದ ಅಚೆಸನ್ ಗ್ರಾಫೈಟ್ ಅಂತ. ಮಿಷಿಗನ್‌ನ ಪೋರ್ಟ್ ಹ್ಯೂರನ್‌ನಲ್ಲಿ ಇದಕ್ಕಾಗಿ ಹೊಸ ಕಂಪನಿಯನ್ನೇ ಶುರು ಮಾಡಿದ್ರು. ಮುಂದೆ ಆಕ್ವಾಡ್ಯಾಗ್ ಹಳೇ ಡಬ್ಬ ಟಿವಿಗಳ ಪಿಕ್ಚರ್ ಟ್ಯೂಬಿಗೂ ಲೇಪನವಾಗಿ ಹೋಯ್ತು. 1931ರಲ್ಲಿ ಅಚೆಸನ್ ತೀರಿಕೊಂಡಾಗ ಅವರ ಹೆಸರಲ್ಲಿ ಸುಮಾರು 70 ಪೇಟೆಂಟ್ ಇದ್ದವು.

ಈಗ ಗ್ರಾಫೀನ್, ಮಾಲಿಬ್ಡಿನಮ್ ಡೈಸಲ್ಫೈಡ್, ಟಂಗ್‌ಸ್ಟನ್ ಡೈಸಲ್ಫೈಡ್ ಅಂತ ನ್ಯಾನೋ ಗಾತ್ರದ ಪದರ ವಸ್ತುಗಳು ಬಂದಿವೆ. ಪೇಪರ್‌ಗಳನ್ನ ಓದಿದ್ರೆ ತಲೆನೋವು ಮಾತ್ರ ಹಳೇದೇ: ಚಕ್ಕೆಗಳು ಗುಂಪಾಗದೆ, ತಳ ಸೇರದೆ, ಎಣ್ಣೆಯಲ್ಲಿ ನಿಲ್ಲಬೇಕು. ಟ್ಯಾನಿನ್ ಜಾಗದಲ್ಲಿ ಒಲೀಕ್ ಆಮ್ಲದಂಥದ್ದು ಬಂದಿದೆ, ಅಷ್ಟೇ. ಗ್ರಾಫೈಟ್ ಅಚೆಸನ್ ಕೈಗೆ ಬಂದ ಮೇಲೂ ಅದನ್ನ ಎಣ್ಣೆಯಲ್ಲಿ ನಿಲ್ಲಿಸೋಕೆ ಹತ್ತು ವರ್ಷ ಹಿಡಿದಿತ್ತು. ಒಂದೇ ರಾತ್ರಿಗೆ ನಾವು ಸೋತೆವು ಅಂತ ಬೇಜಾರು ಮಾಡ್ಕೊಂಡಿದ್ದು ನೆನೆದ್ರೆ ಈಗ ನಗು ಬರುತ್ತೆ.

ಕೊನೆಗೊಂದು ಮಾತು. ನಮ್ಮ ಬಾಟಲಿಯ ಎಣ್ಣೆಯನ್ನ ಬೈಕಿಗೆ ಹಾಕಲಿಲ್ಲ, ನೀವೂ ಇಂಥದ್ದೇನೂ ಹಾಕಬೇಡಿ. ನಮ್ಮ ಹೆಚ್ಚಿನ ಬೈಕುಗಳಲ್ಲಿ ಎಂಜಿನ್ ಆಯಿಲ್‌ನಲ್ಲೇ ಕ್ಲಚ್ ಮುಳುಗಿರುತ್ತೆ, ಅದಕ್ಕೆ ಘರ್ಷಣೆ ಬೇಕೇ ಬೇಕು. ಜಾರುವ ಪುಡಿ ಹಾಕಿದ್ರೆ ಕ್ಲಚ್ಚೇ ಜಾರಬಹುದು. ಬಾಟಲಿ ಇನ್ನೂ ಕಿಟಕಿ ಮೇಲಿದೆ. ಮುಂದಿನ ರಜೆಗೆ ಹೋದಾಗ ತಂಗಡಿ ತೊಗಟೆ ತರ್ತೀವಿ. ಜೊತೆಗೆ ಕೈ ಹಾಕೋರು ನಮ್ಮ ರೂಮಿಗೆ ಬನ್ನಿ.