ಕಡಲ್ಗಾಲುವೆ ಗೆದ್ದ ಆರತಿ ಸಾಹಾ

ದೂರದ ಈಜು ಗಂಡಸರ ತೋಳ್ಬಲಕ್ಕಷ್ಟೇ ಸಾಧ್ಯವೆಂದು ನಮ್ಮಲ್ಲಿ ಬಹುಮಂದಿ ನಂಬಿದ್ದ ಕಾಲದಲ್ಲಿ ಅದನ್ನು ಸುಳ್ಳಾಗಿಸಿದವರು ಕಲ್ಕತ್ತಾದ ಆರತಿ ಸಾಹಾ. 1940ರ ಸೆಪ್ಟೆಂಬರ್ 24ರಂದು ಜನಿಸಿದ ಅವರು ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದರು. ಸ್ನಾನಘಟ್ಟದಲ್ಲಿ ಈಜು ಕಲಿತ ಬಾಲಕಿ, ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕ ವಿಜೇತ ಸಚಿನ್ ನಾಗ್ ಅವರ ಗರಡಿಯಲ್ಲಿ ಪಳಗಿ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದಾಗ ವಯಸ್ಸು ಬರೇ 11.

1958ರಲ್ಲಿ ಮಿಹಿರ್ ಸೇನ್ ಇಂಗ್ಲಿಷ್ ಕಡಲ್ಗಾಲುವೆ ಈಜಿದ ಪ್ರಥಮ ಭಾರತೀಯರೆನಿಸಿದರು. ಮರುವರ್ಷ ಆಗಸ್ಟ್‌ನಲ್ಲಿ ಆರತಿಯವರೂ ನೀರಿಗಿಳಿದರು. ದಡ ಕೆಲವೇ ಮೈಲು ದೂರವಿರುವಾಗ ಎದುರು ಸೆಳೆತಕ್ಕೆ ಸಿಲುಕಿ ಯತ್ನ ಕೈಬಿಡಬೇಕಾಯಿತು. ಅವರು ಎದೆಗುಂದದೆ ಅಭ್ಯಾಸ ಮುಂದುವರಿಸಿದರು. ಸೆಪ್ಟೆಂಬರ್ 29ರಂದು ಫ್ರಾನ್ಸ್‌ನಿಂದ ಹೊರಟು 16 ಗಂಟೆ 20 ನಿಮಿಷ ಈಜಿ ಇಂಗ್ಲೆಂಡಿನ ದಡ ಸೇರಿ, ಈ ಸಾಧನೆಗೈದ ಏಷ್ಯಾದ ಪ್ರಥಮ ಮಹಿಳೆಯಾದರು. 1960ರಲ್ಲಿ ಪದ್ಮಶ್ರೀ ಪಡೆದಾಗ ಆ ಗೌರವಕ್ಕೆ ಪಾತ್ರರಾದ ದೇಶದ ಮೊದಲ ಕ್ರೀಡಾ ಮಹಿಳೆಯೂ ಅವರೇ. 1994ರಲ್ಲಿ ನಿಧನರಾದ ಅವರ ಸ್ಮರಣಾರ್ಥ 1999ರಲ್ಲಿ ಅಂಚೆಚೀಟಿ ಬಿಡುಗಡೆಗೊಂಡಿತು.

ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟಗಳಲ್ಲಿ ಹೆಣ್ಣುಮಕ್ಕಳ ಸ್ಪರ್ಧೆ ಲಿಂಬೆ ಚಮಚ, ಸಂಗೀತ ಕುರ್ಚಿಗೇ ಸೀಮಿತವಾಗಬಾರದೆನ್ನಲು ಈ ಬದುಕೊಂದೇ ಸಾಕು.